ಈಜು: ದಮ್ಮು ಮತ್ತು ಏಕಾಗ್ರತೆಯ ಸಾಧನೆ

ಬೆಳಗಿನ ಲೋಕಲ್ ಗಾಡಿ ತಪ್ಪೀತೆಂದು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಏರಿ ಓಡುವ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ನಲವತ್ತರ ಆಸುಪಾಸು. ಹೇಳಿಕೊಳ್ಳುವಂಥ ರೋಗವಿಲ್ಲ. ತರಕಾರಿಯ ಚೀಲ ಹೊತ್ತು ಮೂರನೆಯ ಮಹಡಿಯ ಮನೆಗೆ ನಿರಾಯಾಸವಾಗಿ ಹತ್ತಬಲ್ಲ. ಇಂಥವನು ವೈದ್ಯರ ಸಲಹೆಗೋ ಮಕ್ಕಳ ಒತ್ತಾಯಕ್ಕೋ ಮಣಿದು ಈಜುಕೊಳಕ್ಕೆ ಸೇರುತ್ತಾನೆ. ಬಾಲ್ಯದಲ್ಲಿ ಊರ ಕೆರೆಯಲ್ಲಿ, ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಕಲಿತ ಈಜು ಮರೆತಿಲ್ಲವೆಂಬ ಧೈರ್ಯ ಬೇರೆ. ಆದರೆ 25 ಮೀಟರಿನ ಕೊಳದ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯನ್ನು ಮುಟ್ಟುವಷ್ಟರಲ್ಲಿ ಎದೆ ಡವಗುಟ್ಟುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತ ಅಂಚಿನ ಕಂಬಿಗೆ ಜೋತುಬೀಳುತ್ತಾನೆ. ಪಕ್ಕದ ಸಾಲಿನಲ್ಲಿ ಅರವತ್ತು ದಾಟಿದ ಮಹಿಳೆಯೊಬ್ಬರು ಆಗಲೇ ಹತ್ತು ಸುತ್ತು ಮುಗಿಸಿ, ಸಾವಧಾನವಾಗಿ ಹನ್ನೊಂದನೆಯದಕ್ಕೆ ಹೊರಳುತ್ತಿರುತ್ತಾರೆ.

ಮೆಟ್ಟಿಲೇರುವಾಗ ಇದ್ದ ದಮ್ಮು ನೀರಿನಲ್ಲಿ ಎಲ್ಲಿ ಹೋಯಿತು? ಉತ್ತರ ತಿಳಿಯದವರು ‘ವಯಸ್ಸಾಯಿತು, ಇದು ನಮಗಲ್ಲ’ ಎಂದು ವಾರದೊಳಗೆ ಕೊಳಕ್ಕೆ ಬೆನ್ನು ಹಾಕುತ್ತಾರೆ. ಕಟ್ಟಿದ ಶುಲ್ಕ ಹೋದರೆ ಹೋಗಲಿ; ಮಂಡಿಗೂ ಬೆನ್ನಿಗೂ ನೋವು ಕೊಡದೆ ಹೃದಯಕ್ಕೂ ಶ್ವಾಸಕೋಶಕ್ಕೂ ಕೆಲಸ ಕೊಡುವ, ಎಪ್ಪತ್ತರವರೆಗೂ ಜೊತೆಗಿರಬಲ್ಲ ವ್ಯಾಯಾಮವೊಂದು ಕೈತಪ್ಪುತ್ತದೆ. ಆಪತ್ತಿನಲ್ಲಿ ಪ್ರಾಣ ಉಳಿಸಬಲ್ಲ ವಿದ್ಯೆಯೂ ಅದರೊಡನೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಆದ್ದರಿಂದ ಈ ಏದುಸಿರಿನ ಕಾರಣವನ್ನು ಅರಿಯುವುದು ಕೇವಲ ಕ್ರೀಡಾಪಟುಗಳಿಗೆ ಸಂಬಂಧಿಸಿದ ವಿಷಯವಲ್ಲ.

ನೀರಿನ ಸ್ವಭಾವ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಆ ಸಾಂದ್ರತೆಯೇ ದೇಹವನ್ನು ತೇಲಿಸುತ್ತದೆ. ಕತ್ತಿನವರೆಗೆ ನೀರಿನಲ್ಲಿ ನಿಂತವನ ತೂಕದ ಬಹುಭಾಗವನ್ನು ನೀರೇ ಹೊರುವುದರಿಂದ ಮಂಡಿನೋವಿನವರೂ ಸ್ಥೂಲಕಾಯದವರೂ ಅಲ್ಲಿ ಸುಲಭವಾಗಿ ಚಲಿಸಬಲ್ಲರು. ಅದೇ ಸಾಂದ್ರತೆ ಮುಂದೆ ಸಾಗುವವನನ್ನು ತಡೆಯುವುದೂ ಉಂಟು. ವೇಗವನ್ನು ಇಮ್ಮಡಿಗೊಳಿಸಿದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ನೆಲದ ಮೇಲೆ ಅವಸರಪಟ್ಟವನು ಬೇಗ ಮುಟ್ಟಿಯಾನು; ನೀರಿನಲ್ಲಿ ಅವಸರಪಟ್ಟವನು ಬೇಗ ದಣಿಯುತ್ತಾನೆ.

ದೇಹದ ಭಂಗಿಯೂ ಇಲ್ಲಿ ಮುಖ್ಯವಾದುದು. ಗಾಳಿ ತುಂಬಿದ ಎದೆ ತೇಲುತ್ತದೆ, ಭಾರವಾದ ಕಾಲುಗಳು ಕೆಳಕ್ಕಿಳಿಯುತ್ತವೆ. ಹೆದರಿದವನು ಮುಖವನ್ನು ನೀರಿನಿಂದ ಮೇಲೆತ್ತಿ ಹಿಡಿಯುತ್ತಾನೆ. ತಲೆ ಎತ್ತಿದಷ್ಟೂ ಕಾಲುಗಳು ಇನ್ನಷ್ಟು ಮುಳುಗುತ್ತವೆ. ಆಗ ದೇಹ ನೀರನ್ನು ಸೀಳಿಕೊಂಡು ಹೋಗುವ ದೋಣಿಯಂತಿರದೆ, ಓರೆಯಾಗಿ ಹಿಡಿದ ಹಲಗೆಯಂತೆ ನೀರನ್ನು ನೂಕಬೇಕಾಗುತ್ತದೆ. ಮುಳುಗುವ ಕಾಲುಗಳನ್ನು ಮೇಲಕ್ಕೆ ತರಲು ಆತ ರಪರಪನೆ ಬಡಿಯುತ್ತಾನೆ. ತೊಡೆಯವು ದೇಹದ ಅತಿ ದೊಡ್ಡ ಮಾಂಸಖಂಡಗಳು. ಅವು ಆಮ್ಲಜನಕವನ್ನು ಧಾರಾಳವಾಗಿ ಬಳಸುತ್ತವೆ. ಹೀಗಾಗಿ ಅರ್ಧ ಕೊಳ ದಾಟುವಷ್ಟರಲ್ಲಿ ಅವನ ಗಂಟು ಕರಗಿರುತ್ತದೆ. ಮುಖವನ್ನು ನೀರಿಗೊಪ್ಪಿಸಿ, ಕೊಳದ ತಳದ ಕಪ್ಪು ಗೆರೆಯನ್ನು ನೋಡುತ್ತ, ಕತ್ತನ್ನು ಸಡಿಲವಾಗಿ ಬಿಟ್ಟವನ ಕಾಲುಗಳು ತಾವಾಗಿಯೇ ಮೇಲೆ ಬರುತ್ತವೆ. ದೂರ ಈಜುವವರು ಕಾಲನ್ನು ಮೆಲ್ಲನೆ, ಸಮತೋಲನಕ್ಕೆ ಬೇಕಾದಷ್ಟೇ ಆಡಿಸುವುದನ್ನು ಯಾರೂ ಗಮನಿಸಬಹುದು.

ದಮ್ಮಿನ ಗುಟ್ಟು

ಭಂಗಿ ಸರಿಯಾದ ಮೇಲೂ ಏದುಸಿರು ನಿಲ್ಲದಿದ್ದರೆ ಅದರ ಮೂಲ ಉಸಿರಾಟದಲ್ಲಿರುತ್ತದೆ. ನೆಲದ ಮೇಲೆ ಉಸಿರಾಟ ಅರಿವಿಗೆ ಬಾರದಂತೆ ನಡೆಯುತ್ತದೆ. ನೀರಿನಲ್ಲಿ ಮುಖವನ್ನು ಹೊರಳಿಸಿದ ಆ ಒಂದು ಗಳಿಗೆಯಲ್ಲಿ ಮಾತ್ರ ಗಾಳಿ ಸಿಗುತ್ತದೆ. ಹೊಸಬನು ಮುಖ ಮುಳುಗಿಸಿದೊಡನೆ ಉಸಿರು ಬಿಗಿಹಿಡಿಯುತ್ತಾನೆ. ಮುಖ ಹೊರಬಂದ ಕೂಡಲೇ ಹಳೆಯ ಉಸಿರನ್ನು ಬಿಡುವ, ಹೊಸದನ್ನು ಸೆಳೆಯುವ ಎರಡೂ ಕೆಲಸಗಳನ್ನು ಅರ್ಧ ಸೆಕೆಂಡಿನಲ್ಲಿ ಮಾಡಲು ಹೋಗಿ ಎರಡನ್ನೂ ಅರೆಬರೆ ಮಾಡುತ್ತಾನೆ. ನಾಲ್ಕಾರು ಸಲ ಹೀಗಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸಂಗ್ರಹವಾಗುತ್ತದೆ.

‘ಉಸಿರು ಕಟ್ಟುತ್ತಿದೆ’ ಎಂಬ ಸಂಕಟ ಹುಟ್ಟುವುದು ಮುಖ್ಯವಾಗಿ ಈ ಇಂಗಾಲದ ಡೈಆಕ್ಸೈಡಿನಿಂದ. ಮಿದುಳಿನ ಬುಡದಲ್ಲಿರುವ ಶ್ವಾಸಕೇಂದ್ರ ಅದರ ಏರಿಕೆಯನ್ನು ಗುರುತಿಸಿ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಆಮ್ಲಜನಕ ಆಗ ಇನ್ನೂ ಸಾಕಷ್ಟು ಇರುತ್ತದೆ. ಆದರೆ ಗಂಟೆಯ ಸದ್ದಿಗೆ ಮನಸ್ಸು ಕಂಗೆಡುತ್ತದೆ. ಭುಜ, ಕತ್ತು, ದವಡೆಗಳು ಬಿಗಿಯುತ್ತವೆ. ಬಿಗಿದ ಮಾಂಸಖಂಡ ವ್ಯರ್ಥವಾಗಿ ದುಡಿಯುವುದರಿಂದ ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಭಯ ಇಮ್ಮಡಿಸುತ್ತದೆ. ದಮ್ಮು ಕಡಿಮೆಯೆಂದು ಕೊರಗುವವನಿಗೆ ಹಲವು ವೇಳೆ ಕಡಿಮೆಯಾಗಿರುವುದು ಬಿಡುವ ಉಸಿರು. ಒಳಗಿನ ಗಾಳಿ ಪೂರ್ತಿ ಹೊರಹೋದರೆ ಹೊಸ ಗಾಳಿ ತಾನಾಗಿ ಒಳನುಗ್ಗುತ್ತದೆ.

ಇದಕ್ಕೆ ಅಭ್ಯಾಸ ಸರಳವಾದುದು. ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಲ್ಲಬೇಕು. ಬಾಯಿಯಿಂದ ಉಸಿರೆಳೆದು, ಮುಖವನ್ನು ನೀರಿನಲ್ಲಿ ಅದ್ದಿ, ಮೂಗು ಬಾಯಿಗಳಿಂದ ಗುಳ್ಳೆಗಳು ಒಂದೇ ಸಮನೆ ಏಳುವಂತೆ ನಿಧಾನವಾಗಿ ಉಸಿರನ್ನು ಪೂರ್ತಿ ಬಿಡಬೇಕು. ಮುಖವನ್ನೆತ್ತಿ ಉಸಿರೆಳೆದು ಮತ್ತೆ ಅದ್ದಬೇಕು. ಮೊದಲ ದಿನ 20 ಬಾರಿ ಸಾಕು. ಎರಡು ವಾರಗಳಲ್ಲಿ 100ಕ್ಕೆ ಏರಿಸಬಹುದು. ನೂರು ಬಾರಿ ಹೀಗೆ ಮಾಡಿದ ಮೇಲೂ ಎದೆಬಡಿತ ಸಮವಾಗಿದ್ದರೆ ಈಜಿನ ಅರ್ಧ ದಾರಿ ಕ್ರಮಿಸಿದಂತೆಯೇ ಸರಿ. ನೋಡುವವರಿಗೆ ಇದು ಮಕ್ಕಳಾಟದಂತೆ ಕಂಡೀತು. ನಾಚಿಕೆಪಟ್ಟು ಈ ಹಂತವನ್ನು ಬಿಟ್ಟವರೇ ಮುಂದೆ ಕಂಬಿಗೆ ಜೋತುಬೀಳುವವರು.

ಕೊಳದಿಂದ ಕಡಲಿಗೆ

ತ್ರಾಣವನ್ನು ಕ್ರಮೇಣ ಬೆಳೆಸಬಹುದೆಂಬುದಕ್ಕೆ ಕೋಲ್ಕತ್ತದ ಆರತಿ ಸಾಹಾ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದಾಗ ಅವರಿಗೆ ಹನ್ನೆರಡು ತುಂಬಿರಲಿಲ್ಲ. ಇಂಗ್ಲಿಷ್ ಕಾಲುವೆಯನ್ನು ದಾಟುವ ಸಂಕಲ್ಪ ತೊಟ್ಟ ಮೇಲೆ ಅವರ ಸಿದ್ಧತೆ ನಡೆದದ್ದು ಊರಿನ ಕೊಳದಲ್ಲಿ. 1959ರ ಏಪ್ರಿಲ್‌ನಲ್ಲಿ ದೇಶಬಂಧು ಪಾರ್ಕಿನ ಕೊಳದಲ್ಲಿ ಸತತವಾಗಿ 8 ಗಂಟೆ ಈಜಿದರು. ಅನಂತರ ಒಮ್ಮೆ ಒಂದೇ ಸಮನೆ 16 ಗಂಟೆ ಈಜಿದರು.

ಅದೇ ವರ್ಷ ಆಗಸ್ಟ್ 27ರಂದು ಕಾಲುವೆಗಿಳಿದಾಗ ಅದೃಷ್ಟ ಒಲಿಯಲಿಲ್ಲ. ಜೊತೆಗೆ ಬರಬೇಕಾದ ದೋಣಿ ಸುಮಾರು 40 ನಿಮಿಷ ತಡವಾಗಿ ಬಂದಿತು. ಇಂಗ್ಲೆಂಡಿನ ದಡ ಇನ್ನು ಐದು ಮೈಲಿಯಿರುವಾಗ ಎದುರು ಸೆಳೆತಕ್ಕೆ ಸಿಕ್ಕಿ, ಗಂಟೆಗಟ್ಟಲೆ ಹೋರಾಡಿದ ಮೇಲೆ ನೀರಿನಿಂದ ಮೇಲೇಳಬೇಕಾಯಿತು. ಸೆಪ್ಟೆಂಬರ್ 29ರಂದು ಅವರು ಫ್ರಾನ್ಸಿನ ದಡದಿಂದ ಮತ್ತೆ ಹೊರಟರು. ಭೂಪಟದ ಮೇಲೆ 21 ಮೈಲಿಯಷ್ಟಿರುವ ಕಾಲುವೆಯಲ್ಲಿ ಸೆಳೆತಗಳ ನಡುವೆ 42 ಮೈಲಿ ಈಜಿ, 16 ಗಂಟೆ 20 ನಿಮಿಷಗಳಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ತಲುಪಿದರು. ಈ ಕಾಲುವೆಯನ್ನು ಈಜಿದ ಏಷ್ಯದ ಪ್ರಥಮ ಮಹಿಳೆ ಅವರು. ಆಗ ಅವರ ವಯಸ್ಸು 19. ಕೊಳದಲ್ಲಿ ಅಭ್ಯಾಸ ಮಾಡಿದ ಗಂಟೆಗಳೂ ಕಡಲು ಕೇಳಿದ ಗಂಟೆಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದುದು ಗಮನಾರ್ಹ. ಎರಡು ಯತ್ನಗಳ ನಡುವಿನ ಒಂದು ತಿಂಗಳಲ್ಲಿ ಮಾಂಸಖಂಡಗಳು ಹೊಸದಾಗಿ ಬಲಿಯುವುದು ಅಷ್ಟಕ್ಕಷ್ಟೆ. ಸೋಲಿನ ನೆನಪು ಹಸಿಯಾಗಿರುವಾಗಲೇ ಅದೇ ತಣ್ಣೀರಿಗೆ ಮತ್ತೆ ಇಳಿಯುವ ಮನಸ್ಸು ಅಲ್ಲಿ ಬೇಕಾಗಿತ್ತು.

ಅದರ ಹಿಂದಿನ ವರ್ಷ, 1958ರ ಸೆಪ್ಟೆಂಬರ್ 27ರಂದು, ವೃತ್ತಿಯಿಂದ ನ್ಯಾಯವಾದಿಯಾಗಿದ್ದ ಮಿಹಿರ್ ಸೇನ್ ಇದೇ ಕಾಲುವೆಯನ್ನು 14 ಗಂಟೆ 45 ನಿಮಿಷಗಳಲ್ಲಿ ದಾಟಿ ಆ ಸಾಧನೆ ಮಾಡಿದ ಮೊದಲ ಭಾರತೀಯರೆನಿಸಿದ್ದರು. ಅವರ ಮೊದಲ ಯತ್ನಗಳೂ ವಿಫಲವಾಗಿದ್ದವು. 1966ರ ಒಂದೇ ವರ್ಷದಲ್ಲಿ ಅವರು ಪಾಕ್ ಜಲಸಂಧಿ, ಜಿಬ್ರಾಲ್ಟರ್, ಡಾರ್ಡನೆಲ್ಸ್, ಬಾಸ್ಫೊರಸ್ ಮತ್ತು ಪನಾಮಾ ಕಾಲುವೆಗಳನ್ನು ಈಜಿದರು. ಮುಂಬಯಿಯ ಕಡಲೂ ಇಂಥ ಸಾಹಸಿಗಳಿಗೆ ಅಪರಿಚಿತವಲ್ಲ. ಸಂಕ್ ರಾಕ್‌ನಿಂದ ಗೇಟ್‌ವೇ ಆಫ್ ಇಂಡಿಯಾದವರೆಗಿನ ಸುಮಾರು 5 ಕಿಲೋಮೀಟರ್, ಧರಮ್‌ತರ್‌ನಿಂದ ಅಲ್ಲಿಗೇ ಬರುವ ಸುಮಾರು 35 ಕಿಲೋಮೀಟರ್ ದೂರಗಳು ಈಜುಗಾರರ ಬಳಗದಲ್ಲಿ ಮನೆಮಾತು.

ಹನ್ನೆರಡು ವಾರಗಳ ಕ್ರಮ

ಕಾಲುವೆಯ ಮಾತು ಸಾಮಾನ್ಯನಿಗೆ ದೂರವೆನಿಸಬಹುದು. ಮಾರ್ಗ ಮಾತ್ರ ಒಂದೇ. ಸ್ವಲ್ಪ ಈಜಿ, ಸ್ವಲ್ಪ ವಿರಮಿಸಿ, ಕ್ರಮೇಣ ಈಜನ್ನು ಹೆಚ್ಚಿಸುತ್ತ ವಿರಾಮವನ್ನು ಕಡಿಮೆ ಮಾಡುವುದು. ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಮೀಸಲಿಟ್ಟರೆ ಸಾಕು. ಮಧ್ಯದ ದಿನಗಳ ವಿಶ್ರಾಂತಿಯೂ ಅಭ್ಯಾಸದ ಭಾಗವೇ. ದಣಿದ ಮಾಂಸಖಂಡಗಳು ಬಲಗೊಳ್ಳುವುದು ಆ ವೇಳೆಯಲ್ಲಿ.

1. ಒಂದು ಮತ್ತು ಎರಡನೆಯ ವಾರ: ಮೇಲೆ ಹೇಳಿದ ಉಸಿರಿನ ಅಭ್ಯಾಸ, ಬೋರಲಾಗಿಯೂ ಅಂಗಾತವಾಗಿಯೂ ತೇಲುವುದು, ಗೋಡೆಯನ್ನು ಕಾಲಿನಿಂದ ಒದ್ದು, ಕೈ ಚಾಚಿ, ಸುಮ್ಮನೆ ಜಾರುವುದು.

2. ಮೂರು ಮತ್ತು ನಾಲ್ಕನೆಯ ವಾರ: 25 ಮೀಟರಿನಂತೆ 8 ಬಾರಿ. ಪ್ರತಿ ಸಲ ಗೋಡೆ ಮುಟ್ಟಿದ ಮೇಲೆ ಶಾಂತವಾದ 10 ಉಸಿರುಗಳ ವಿರಾಮ.

3. ಐದು ಮತ್ತು ಆರನೆಯ ವಾರ: 50 ಮೀಟರಿನಂತೆ 6 ಬಾರಿ. ವಿರಾಮ ಅಷ್ಟೇ.

4. ಏಳು ಮತ್ತು ಎಂಟನೆಯ ವಾರ: 100 ಮೀಟರಿನಂತೆ 4 ಬಾರಿ, ನಡುವೆ ಒಂದು ನಿಮಿಷದ ವಿರಾಮ.

5. ಒಂಬತ್ತು ಮತ್ತು ಹತ್ತನೆಯ ವಾರ: 200 ಮೀಟರಿನಂತೆ 3 ಬಾರಿ.

6. ಕೊನೆಯ ಎರಡು ವಾರ: ಎಲ್ಲಿಯೂ ನಿಲ್ಲದೆ 400 ಮೀಟರ್, ಸಾಧ್ಯವಾದರೆ ವಿರಾಮದ ನಂತರ ಇನ್ನೊಮ್ಮೆ.

ಗೋಡೆ ಮುಟ್ಟಿದಾಗ ಪಕ್ಕದವರೊಡನೆ ಎರಡು ವಾಕ್ಯ ಆಡಲು ಸಾಧ್ಯವಾಗುವಂತಿದ್ದರೆ ವೇಗ ಸರಿಯಾಗಿದೆಯೆಂದು ತಿಳಿಯಬೇಕು. ಮಾತೇ ಹೊರಡದಿದ್ದರೆ ವೇಗ ಹೆಚ್ಚಾಯಿತು. ಒಂದು ಹಂತ ಕಷ್ಟವೆನಿಸಿದರೆ ಅದರಲ್ಲಿಯೇ ಇನ್ನೂ ಒಂದು ವಾರ ಉಳಿಯುವುದರಲ್ಲಿ ಅವಮಾನವೇನೂ ಇಲ್ಲ.

ಹೀಗೆ ವಾರಗಟ್ಟಲೆ ಸಾಧನೆ ಮಾಡಿದಾಗ ದೇಹದೊಳಗೆ ಬದಲಾವಣೆಗಳಾಗುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ದೂಡಲು ಕಲಿಯುತ್ತದೆ. ಆದ್ದರಿಂದ ವಿಶ್ರಾಂತಿಯಲ್ಲಿ ನಾಡಿಯ ಬಡಿತ ನಿಧಾನವಾಗುತ್ತದೆ. ಮಾಂಸಖಂಡಗಳಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ರಕ್ತನಾಳಗಳು ಹೆಚ್ಚುತ್ತವೆ. ಜೀವಕೋಶಗಳಲ್ಲಿ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳೂ ವೃದ್ಧಿಸುತ್ತವೆ. ಎದೆಗೂಡಿನ ತಳದ ವಪೆ ನೀರಿನ ಒತ್ತಡಕ್ಕೆದುರಾಗಿ ದುಡಿದು ಬಲಿಷ್ಠವಾಗುತ್ತದೆ. ಇವು ಒಂದೆರಡು ದಿನಗಳಲ್ಲಿ ಆಗುವ ಕಾರ್ಯಗಳಲ್ಲ. ಅಭ್ಯಾಸ ನಿಂತರೆ ಕೆಲವೇ ವಾರಗಳಲ್ಲಿ ಗಳಿಕೆ ಕರಗತೊಡಗುವುದೂ ನಿಜ. ಕೊಳಕ್ಕೆ ಹೋಗಲಾಗದ ದಿನಗಳಲ್ಲಿ ಬಿರುಸಿನ ನಡಿಗೆ, ಸೂರ್ಯನಮಸ್ಕಾರ, ನಮ್ಮ ಗರಡಿಮನೆಗಳ ದಂಡ ಬಸ್ಕಿಗಳು ಭುಜಕ್ಕೂ ತೊಡೆಗೂ ಬೇಕಾದ ಬಲವನ್ನು ಕಾಯ್ದುಕೊಡುತ್ತವೆ.

ಏಕಾಗ್ರತೆ ಎಂಬ ಇನ್ನೊಂದು ಕಾಲು

ನೀರಿಗಿಳಿದವನ ಮನಸ್ಸು ನೀರಿನಲ್ಲಿಯೇ ಇರುವುದಿಲ್ಲ. ಕಚೇರಿಯ ಕಡತ, ಮನೆಯ ಸಾಲದ ಕಂತು, ಮಗಳ ಪರೀಕ್ಷೆ ಎಲ್ಲವೂ ಜೊತೆಯಲ್ಲಿಯೇ ಕೊಳಕ್ಕಿಳಿಯುತ್ತವೆ. ಮನಸ್ಸು ಅತ್ತ ಹರಿದೊಡನೆ ಉಸಿರಿನ ಲಯ ತಪ್ಪುತ್ತದೆ, ಕೈಯ ಎಳೆತ ಗಿಡ್ಡವಾಗುತ್ತದೆ, ದಣಿವು ಬೇಗ ಬರುತ್ತದೆ. ಆದುದರಿಂದ ಈಜಿನಲ್ಲಿ ದಮ್ಮನ್ನೂ ಏಕಾಗ್ರತೆಯನ್ನೂ ಬೇರೆ ಬೇರೆಯಾಗಿ ಬೆಳೆಸಲು ಬರುವುದಿಲ್ಲ.

ಏಕಾಗ್ರತೆಗೆ ಒಂದು ಸುಲಭ ಉಪಾಯವುಂಟು. ಒಂದೊಂದು ಸುತ್ತಿಗೆ ಒಂದೊಂದೇ ವಿಷಯವನ್ನು ಆರಿಸಿಕೊಳ್ಳುವುದು. ಮೊದಲ ಸುತ್ತಿನಲ್ಲಿ ಹೊರಹೋಗುವ ಉಸಿರು, ಎರಡನೆಯದರಲ್ಲಿ ಕತ್ತಿನ ಸಡಿಲು, ಮೂರನೆಯದರಲ್ಲಿ ಕೈ ನೀರನ್ನು ಹೊಗುವ ಬಗೆ, ನಾಲ್ಕನೆಯದರಲ್ಲಿ ಕಾಲು. ಮತ್ತೆ ಉಸಿರಿಗೆ ಮರಳುವುದು. ಮನಸ್ಸು ಜಾರಿತೆಂದು ಅರಿವಾದಾಗ ತನ್ನನ್ನು ತಾನು ಬೈದುಕೊಳ್ಳದೆ ಮುಂದಿನ ಉಸಿರಿಗೆ ಬಂದರಾಯಿತು.

ಎರಡನೆಯ ಉಪಾಯ ಎಣಿಕೆ. ಒಂದು ಸುತ್ತಿಗೆ ಎಷ್ಟು ಸಲ ಕೈ ಬೀಸಬೇಕಾಯಿತೆಂದು ಎಣಿಸಬೇಕು. ಮೊದಲ ತಿಂಗಳು 28 ಆಗಿದ್ದದ್ದು ಸಾಧನೆಯಿಂದ 22ಕ್ಕೆ ಇಳಿದಿತೆಂದು ಭಾವಿಸಿದರೆ, ಸುತ್ತಿಗೆ 6ರಂತೆ, 40 ಸುತ್ತುಗಳ ಒಂದು ಕಿಲೋಮೀಟರಿನಲ್ಲಿ 240 ಬೀಸುಗಳ ಶ್ರಮ ಉಳಿಯುತ್ತದೆ. ದಿನದ ಕೊನೆಯ ಸುತ್ತಿನ ಎಣಿಕೆ ಮೊದಲ ಸುತ್ತಿನದಕ್ಕಿಂತ ನಾಲ್ಕಾರು ಹೆಚ್ಚಾದರೆ ಮನಸ್ಸೋ ದೇಹವೋ ದಣಿದಿದೆಯೆಂದೇ ಅರ್ಥ. ಅಂದಿನ ಪಾಠವನ್ನು ಅಲ್ಲಿಗೆ ಮುಗಿಸುವುದು ಒಳಿತು. ದಣಿದು ಮಾಡಿದ ತಪ್ಪು ಚಲನೆಯೂ ಅಭ್ಯಾಸವಾಗಿ ಬೇರೂರುತ್ತದೆ.

ಕಾಲುವೆ ದಾಟುವವರು ದೋಣಿಯನ್ನು ಮುಟ್ಟುವಂತಿಲ್ಲ. ಆಗಾಗ ದೋಣಿಯಿಂದ ನೀಡುವ ದ್ರವಾಹಾರವನ್ನು ನೀರಿನಲ್ಲಿದ್ದುಕೊಂಡೇ ಸೇವಿಸುತ್ತಾರೆ. ಕಾಣದ ದಡವನ್ನು ಚಿಂತಿಸುವ ಬದಲು ಮುಂದಿನ ಗುಟುಕಿನವರೆಗೆ ಈಜುವುದು ಅವರು ಕಂಡುಕೊಂಡ ಕ್ರಮ. ಮುಂಬಯಿಯ ತಾರಾನಾಥ ಶೆಣೈ ಅವರಿಗೆ ಕಿವಿ ಕೇಳದು, ಮಾತು ಬಾರದು, ದೃಷ್ಟಿಯೂ ಮಂದ. ಆದರೂ 1980ರ ದಶಕದಲ್ಲಿ ಅವರು ಇಂಗ್ಲಿಷ್ ಕಾಲುವೆಯನ್ನು ಈಜಿದರು. ದೋಣಿಯಿಂದ ಕೂಗಿ ಹೇಳುವ ಧೈರ್ಯದ ಮಾತು ತಲುಪದ ಆ ಗಂಟೆಗಳಲ್ಲಿ ಮನಸ್ಸನ್ನು ಹಿಡಿದಿಟ್ಟುಕೊಂಡ ಬಗೆ ಯಾವ ಯೋಗಸಾಧನೆಗೂ ಕಡಿಮೆಯದಲ್ಲ. ಬಾಲ್ಯದಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾಗಿ, ನೀರೆಂದರೆ ಅಂಜುತ್ತಿದ್ದ ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ 200 ಮೀಟರ್ ಈಜಿದರು. ಹಿಂದೊಮ್ಮೆ ಹೆದರಿದವರಿಗೆ ಈಜು ಒಲಿಯದೆಂಬ ಮಾತನ್ನು ಈ ಉದಾಹರಣೆ ಸುಳ್ಳಾಗಿಸಿದೆ.

ದುರ್ಯೋಧನನ ವಿದ್ಯೆ ಬೇಡ

ದಮ್ಮು ಬೆಳೆಸುವ ಹುಮ್ಮಸ್ಸಿನಲ್ಲಿ ಕೆಲವರು, ವಿಶೇಷವಾಗಿ ಹುಡುಗರು, ನೀರಿನೊಳಗೆ ಯಾರು ಹೆಚ್ಚು ಹೊತ್ತು ಇರಬಲ್ಲರೆಂದು ಪಂದ್ಯ ಕಟ್ಟುವುದುಂಟು. ಕುರುಪತಿ ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತದ್ದು ಜಲಸ್ತಂಭ ವಿದ್ಯೆಯ ಬಲದಿಂದ. ಆ ಮಂತ್ರ ತಿಳಿಯದವರಿಗೆ ಈ ಆಟ ಪ್ರಾಣಾಂತಿಕವಾದುದು. ಮುಳುಗುವ ಮುನ್ನ ಜೋರಾಗಿ ಹಲವು ಬಾರಿ ಉಸಿರಾಡಿದರೆ ಆಮ್ಲಜನಕವೇನೂ ವಿಶೇಷವಾಗಿ ಹೆಚ್ಚುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವುದೇ ಅದಾದುದರಿಂದ ಗಂಟೆ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಬರಿದಾಗಿ, ಯಾವ ಸಂಕಟವೂ ತೋರದೆಯೇ ಪ್ರಜ್ಞೆ ತಪ್ಪುತ್ತದೆ. ಎದೆಮಟ್ಟದ ನೀರಿನಲ್ಲಿ, ನುರಿತ ಈಜುಗಾರರೂ ಹೀಗೆ ಸದ್ದಿಲ್ಲದೆ ಸತ್ತಿದ್ದಾರೆ. ಪ್ರಾಣಾಯಾಮ ಮಾಡುವವರು ಕುಂಭಕವನ್ನು ಮನೆಯ ಚಾಪೆಗೆ ಮೀಸಲಿಡಬೇಕು. ನೀರಿನಲ್ಲಿ ಉಸಿರು ಸದಾ ಹರಿಯುತ್ತಿರಬೇಕು.

ಇನ್ನು ಕೆಲವು ಎಚ್ಚರಿಕೆಗಳು. ಹೃದ್ರೋಗ, ಅಧಿಕ ರಕ್ತದೊತ್ತಡ, ಅಪಸ್ಮಾರ, ಕಿವಿಯ ತಮಟೆಯ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ನೀರಿಗಿಳಿಯಬೇಕು. ಎಷ್ಟೇ ಬಲ್ಲವರಾದರೂ ಒಬ್ಬರೇ ಈಜಬಾರದು. ಮದ್ಯಪಾನ ಮಾಡಿ ಇಳಿಯುವುದು ಸಾವನ್ನು ಕರೆದಂತೆ. ಮಳೆಗಾಲದ ಕಡಲು ಈಜುಗಾರನದಲ್ಲ. ಮೀನಖಂಡ ಸೆಳೆದುಕೊಂಡರೆ ಗಾಬರಿಯಾಗದೆ ಅಂಗಾತ ತೇಲುತ್ತ, ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹಿಡಿದರೆ ನೋವು ಸಡಿಲಾಗುತ್ತದೆ. ಎದೆನೋವು, ತಲೆಸುತ್ತು ಕಂಡರೆ ಒಡನೆ ಮೇಲೇಳಬೇಕು.

ಆಹಾರದ ವಿಷಯದಲ್ಲಿ ವಿಶೇಷ ಪಥ್ಯವಿಲ್ಲ. ತುಂಬಿದ ಹೊಟ್ಟೆಯಲ್ಲಿ ಈಜುವುದು ಹಿತವಲ್ಲ. ಬೆಳಗಿನ ಈಜಿಗೆ ಮೊದಲು ಒಂದು ಬಾಳೆಹಣ್ಣು, ಅನಂತರ ಅವಲಕ್ಕಿಯೋ ಇಡ್ಲಿಯೋ ರಾಗಿಗಂಜಿಯೋ ಸಾಕು. ನೀರಿನಲ್ಲಿದ್ದರೂ ದೇಹ ಬೆವರುತ್ತದೆ, ಅದು ಕಾಣುವುದಿಲ್ಲ ಅಷ್ಟೆ. ಆದ್ದರಿಂದ ಈಜಿನ ಮುಂಚೆ ಮತ್ತು ನಂತರ ನೀರು ಕುಡಿಯುವುದನ್ನು ಮರೆಯಬಾರದು.

ಕೆರೆಯಿಲ್ಲದ ಊರಿನ ಮಕ್ಕಳು

ಹೊರನಾಡಿನ ಕನ್ನಡ ಕುಟುಂಬಗಳ ಹಿರಿಯರಲ್ಲಿ ಅನೇಕರಿಗೆ ನೇತ್ರಾವತಿ, ತುಂಗೆ, ಕೃಷ್ಣೆಯರ ಮಡುಗಳೇ ಈಜುಶಾಲೆಗಳಾಗಿದ್ದವು. ಶುಲ್ಕವಿರಲಿಲ್ಲ, ಗುರುವೂ ಇರಲಿಲ್ಲ. ಅಣ್ಣನೋ ಸೋದರಮಾವನೋ ನೂಕಿದಾಗ ಕಲಿತದ್ದೇ ಕಲಿಕೆ. ನಗರದ ಎರಡು ಕೋಣೆಯ ಮನೆಗಳಲ್ಲಿ ಬೆಳೆಯುವ ಅವರ ಮೊಮ್ಮಕ್ಕಳಿಗೆ ಆ ಭಾಗ್ಯವಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಹೊಳೆಯನ್ನು ಕಂಡು ಹಿಗ್ಗಿ, ಆಳ ತಿಳಿಯದೆ ಇಳಿಯುವವರೂ ಇಂಥ ಮಕ್ಕಳೇ. ದಾದರಿನ ಮಹಾತ್ಮಾ ಗಾಂಧಿ ಈಜುಕೊಳ, ಪುಣೆಯ ಟಿಳಕ್ ತಲಾವ್, ದೆಹಲಿಯ ತಾಲ್‌ಕಟೋರಾ ಮೊದಲಾದ ಹೆಸರುವಾಸಿ ಕೊಳಗಳಲ್ಲದೆ ಬಡಾವಣೆಗಳ ಚಿಕ್ಕ ಕೊಳಗಳೂ ಇಂದು ಹಲವಿವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಂದೆತಾಯಿಗಳು ದಡದ ಬೆಂಚಿನ ಮೇಲೆ ಕುಳಿತು ಹೊತ್ತು ಕಳೆಯುವ ಬದಲು ತಾವೂ ಇಳಿಯುವುದು ಲೇಸು.

ಆರಂಭದಲ್ಲಿ ಕಂಡ ಗೃಹಸ್ಥನೂ ಮರುದಿನ ಕೊಳಕ್ಕೆ ಮರಳಿ, ಕಂಬಿ ಹಿಡಿದು, ಮುಖ ಅದ್ದಿ, ಗುಳ್ಳೆಗಳನ್ನು ಬಿಡುವ ಆ ಇಪ್ಪತ್ತು ಬಾರಿಯ ಅಭ್ಯಾಸದಿಂದ ಮೊದಲುಮಾಡಿದರೆ ಸಾಕು. ಪಕ್ಕದ ಸಾಲಿನ ಆ ಹಿರಿಯ ಮಹಿಳೆಯೂ ಒಂದು ದಿನ ಅಲ್ಲಿಂದಲೇ ಹೊರಟವರಾಗಿರುತ್ತಾರೆ.